ಒಂದೇ ಸಲಕ್ಕೆ ಪುಡಿ ಎಂದು ಹೇಳುತ್ತಿದ್ದೆ

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗೊಮ್ಮೆ ಈಗೊಮ್ಮೆ ನಂಜನಗೂಡಿನ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಎಲ್ಲರೂ ಕೇಳುವುದು ಒಂದೇ: “ಸಾರ್, ಎಕ್ಸ್‌ರೇ ನೋಡಿದ ತಕ್ಷಣ ಈ ಕಲ್ಲು ಒಡೆಯುತ್ತೆ, ಇದು ಒಡೆಯಲ್ಲ ಅಂತ ನೀವು ಹೇಳಿಬಿಡ್ತಿದ್ರಂತೆ. ಅದು ಹೇಗೆ?”

ನಾನು ಮಾತು ಬದಲಾಯಿಸುತ್ತೇನೆ. ಹಿರಿಯರ ವಿನಯ ಎಂದುಕೊಂಡು ಅವರು ಹೊರಡುತ್ತಾರೆ. ನಾಚಿಕೆಯಿಂದ ನನ್ನ ಬಾಯಿ ಕಟ್ಟುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ಬಾಯಲ್ಲಿ ಬಾರದ್ದು ಬರವಣಿಗೆಯಲ್ಲಾದರೂ ಬರಲಿ ಎಂದು ಕೂತಿದ್ದೇನೆ.

ಮೂತ್ರಪಿಂಡದ ಕಲ್ಲನ್ನು ಹೊಟ್ಟೆ ಕೊಯ್ಯದೆ, ಹೊರಗಿನಿಂದ ಶಾಕ್ ವೇವ್ ಕೊಟ್ಟು ಒಡೆಯುವ ಯಂತ್ರದ ಟೆಕ್ನಿಷಿಯನ್ ಆಗಿದ್ದೆ ನಾನು. ಅದಕ್ಕೂ ಮೊದಲು ನಂಜನಗೂಡಿನ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದೆ. ತೊಂಬತ್ತರ ದಶಕದ ನಡುವೆ ಮೈಸೂರಿನ ಮೂತ್ರರೋಗ ತಜ್ಞರಾದ ಡಾಕ್ಟರ್ ರಾಮಸ್ವಾಮಿಯವರು ಇಂಥದೊಂದು ಯಂತ್ರವನ್ನು ವ್ಯಾನಿನಲ್ಲಿಟ್ಟು ತಾಲ್ಲೂಕುಗಳಿಗೆ ತರತೊಡಗಿದರು. ಮಂಗಳವಾರ ನಂಜನಗೂಡಿನ ಆ ನರ್ಸಿಂಗ್ ಹೋಮು, ಶುಕ್ರವಾರ ತಿರುಮಕೂಡಲು ನರಸೀಪುರ. ಎಕ್ಸ್‌ರೇ ಬಲ್ಲವನು ಬೇಕು ಎಂದು ನನ್ನನ್ನು ಸೇರಿಸಿಕೊಂಡರು. ಜನ ಅದಕ್ಕೆ ಕಲ್ಲೊಡೆಯೋ ಮಿಷನ್ನು ಎಂದೇ ಹೆಸರಿಟ್ಟರು.

ಹೊರಗಿನವರಿಗೆ ಅದು ಜಾದೂ. ಒಳಗಿನ ಕೆಲಸ ಬೇಸಾಯದಷ್ಟೇ ಬೆವರಿನದು. ರೋಗಿಯನ್ನು ಮೇಜಿನ ಮೇಲೆ ಮಲಗಿಸಿ, ನೀರು ತುಂಬಿದ ರಬ್ಬರಿನ ಚೀಲವನ್ನು ಸೊಂಟದ ಮೇಲ್ಭಾಗಕ್ಕೆ ಒತ್ತಿ ಕೂರಿಸಬೇಕು. ನಡುವೆ ಜೆಲ್ ಬಳಿಯಬೇಕು. ಪರದೆಯಲ್ಲಿ ಕಲ್ಲನ್ನು ಹುಡುಕಿ ಗುರಿಗೆ ತರಬೇಕು. ಆಮೇಲೆ ಯಾರೋ ಖಾಲಿ ಡಬ್ಬವನ್ನು ತಟ್ಟಿದ ಹಾಗೆ ಟಕ್, ಟಕ್ ಎಂದು ಏಟು ಶುರು. ಮನುಷ್ಯ ಉಸಿರಾಡಿದರೆ ಮೂತ್ರಪಿಂಡವೂ ಮೇಲೆ ಕೆಳಗೆ ಆಡುತ್ತದೆ, ಅದರ ಜೊತೆ ಕಲ್ಲೂ. ‘ಮೆಲ್ಲಗೆ ಉಸಿರಾಡಿ’ ಎಂದರೆ ನಮ್ಮ ಕಡೆಯ ಹಿರಿಯರು ಉಸಿರನ್ನೇ ಕಟ್ಟಿಬಿಡುತ್ತಿದ್ದರು. ಮುಖ ಕೆಂಪಾದ ಮೇಲೆ ನಾನೇ ‘ಬಿಡಿ ಬಿಡಿ’ ಎಂದು ಕೂಗಬೇಕಾಗುತ್ತಿತ್ತು.

ಸೇರಿದ ಮೂರನೆಯ ತಿಂಗಳಲ್ಲಿ ನನ್ನ ಮೊದಲ ತಪ್ಪು ನಡೆಯಿತು. ಸೋಮನಾಥಪುರದ ಒಬ್ಬ ರೈತರು. ಪೂರ್ತಿ ಏಟು ಕೊಟ್ಟು ಮುಗಿಸಿದೆ. ಎಕ್ಸ್‌ರೇ ತೆಗೆದರೆ ಕಲ್ಲು ಬಂದಾಗ ಹೇಗಿತ್ತೋ ಹಾಗೇ ಕೂತಿತ್ತು. ರಾಮಸ್ವಾಮಿಯವರು ಮಾತಾಡದೆ ಚೀಲದ ಮೇಲಿನ ಜೆಲ್ಲನ್ನು ಬೆರಳಲ್ಲಿ ಸರಿಸಿ ತೋರಿಸಿದರು. ಒಳಗೆ ಸಾಬೂನಿನ ನೊರೆಯಂತೆ ಗಾಳಿಯ ಗುಳ್ಳೆಗಳು.

“ಅಲೆ ನೀರಲ್ಲಿ ಹೋಗುತ್ತೆ ಗುರುಸ್ವಾಮಿ, ಗಾಳಿ ಸಿಕ್ಕಿದರೆ ಅಲ್ಲೇ ನಿಲ್ಲುತ್ತೆ. ಒಂದು ಗಂಟೆ ಹೊತ್ತು ಅವರಿಗೆ ಸುಮ್ಮನೆ ಹೊಡೆದಿದ್ದೀಯ. ಹೋಗಿ ಹೇಳು.”

“ನಾನೇನಾ ಸಾರ್?”

“ಮತ್ತೆ ಯಾರು? ಗುಳ್ಳೆ ಬಿಟ್ಟವನು ನೀನು ತಾನೆ?”

ಹೋಗಿ ಹೇಳಿದೆ. ಆ ರೈತರು ಬೆನ್ನು ಸವರಿಕೊಳ್ಳುತ್ತ ಎದ್ದು ಕೂತು, “ತಪ್ಪಾಯ್ತದೆ ಬುಡಪ್ಪ. ಉಳೋವಾಗ ನಮ್ಮ ನೇಗ್ಲೂ ಜಾರ್ತದೆ. ಮುಂದಿನ್ವಾರ ಇನ್ನೊಂದು ದಪ ಮಾಡು” ಎಂದರು. ಆವತ್ತು ತಪ್ಪು ಒಪ್ಪಿಕೊಳ್ಳುವುದು ಎಷ್ಟು ಸುಲಭವಾಗಿತ್ತು ಎಂದು ಈಗ ನೆನೆದರೆ ಆಶ್ಚರ್ಯವಾಗುತ್ತದೆ. ಆಗ ನನಗೆ ಕಳೆದುಕೊಳ್ಳಲು ಹೆಸರು ಎಂಬುದೇ ಇರಲಿಲ್ಲ.

ಹೆಸರು ಬಂದದ್ದು ಸೋಸಲೆಯ ಮೇಷ್ಟರಿಂದ. ರಾಘವಾಚಾರ್ ಎಂದು, ಹೈಸ್ಕೂಲಿನಿಂದ ನಿವೃತ್ತರಾದವರು. ಶುಕ್ರವಾರ ನರಸೀಪುರಕ್ಕೆ ಬಂದರು. ಅಷ್ಟರಲ್ಲಿ ನನಗೆ ಫಿಲ್ಮುಗಳನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ದಿಟ್ಟಿಸುವ ಚಟ ಹತ್ತಿತ್ತು. ಪಕ್ಕೆಲುಬಿನ ಬಿಳುಪಿಗೂ ಕಲ್ಲಿನ ಬಿಳುಪಿಗೂ ಹೋಲಿಸಿ ನೋಡುತ್ತಿದ್ದೆ. ಎಲುಬಿಗಿಂತ ಮಂಕಾಗಿದ್ದರೆ, ಅಂಚು ಸೀತಾಫಲದ ಸಿಪ್ಪೆಯ ಹಾಗೆ ಒರಟಾಗಿದ್ದರೆ ಬೇಗ ಒಡೆಯುತ್ತದೆ. ಎಲುಬಿಗಿಂತ ಬೆಳ್ಳಗಿದ್ದು, ಕಪಿಲೆಯ ದಡದ ಬೆಣಚುಕಲ್ಲಿನಂತೆ ನುಣ್ಣಗಿದ್ದರೆ ಜಗ್ಗುವುದಿಲ್ಲ. ಮೂತ್ರಪಿಂಡದ ಕೆಳಮೂಲೆಯಲ್ಲಿದ್ದರೆ ಒಡೆದರೂ ಚೂರು ಮೇಲೇರಿ ಹೊರಬರುವುದು ಕಷ್ಟ. ಇಷ್ಟು ನನ್ನ ಶಾಸ್ತ್ರ. ಮೇಷ್ಟರ ಫಿಲ್ಮ್ ನೋಡಿ, “ಒಂದೇ ಸಲಕ್ಕೆ ಪುಡಿ ಸ್ವಾಮಿ” ಎಂದುಬಿಟ್ಟೆ.

ಹತ್ತು ದಿನದ ಮೇಲೆ ಮೇಷ್ಟರು ಔಷಧದ ಸಣ್ಣ ಸೀಸೆಯಲ್ಲಿ ತಮ್ಮ ಮೂತ್ರದಲ್ಲಿ ಬಂದ ಮರಳನ್ನು ತಂದು, ಕಾದು ಕೂತಿದ್ದ ಜನಕ್ಕೆಲ್ಲ ತೋರಿಸಿದರು. “ಈತ ಹೇಳಿದ ಹಾಗೇ ಆಯಿತು ನೋಡಿ” ಎಂದರು. ಅಲ್ಲಿಂದ ಶುರುವಾಯಿತು. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದವರು ಡಾಕ್ಟರನ್ನು ಬಿಟ್ಟು ‘ಕಲ್ಲಿನ ಬವಿಷ್ಯ ಏಳೋ ಸಾ’ ಎಲ್ಲಿ ಎಂದು ಕೇಳುವ ಮಟ್ಟಿಗೆ ಹೋಯಿತು. ರಾಮಸ್ವಾಮಿಯವರೂ ಒಮ್ಮೊಮ್ಮೆ, “ಏನಯ್ಯ, ನಿನ್ನ ಭವಿಷ್ಯ ಏನು ಹೇಳುತ್ತೆ?” ಎಂದು ಕೇಳುವರು. ಅರ್ಧ ತಮಾಷೆಗೆ ಕೇಳುತ್ತಿದ್ದರು. ನಾನು ತಮಾಷೆಯ ಅರ್ಧವನ್ನು ಬಿಟ್ಟು ಉಳಿದರ್ಧವನ್ನು ಮಾತ್ರ ಕಿವಿಗೆ ಹಾಕಿಕೊಂಡೆ.

ನೀಲಿ ರಟ್ಟಿನ ಒಂದು ನೋಟ್‌ಬುಕ್ ಇಟ್ಟೆ. ಹೆಸರು, ಊರು, ಕಲ್ಲಿನ ಗಾತ್ರ, ನಾನು ಹೇಳಿದ್ದು, ಆಮೇಲೆ ಆದದ್ದು. ಹೇಳಿದ ಹಾಗೆ ಆದರೆ ಕೆಂಪು ಇಂಕಿನಲ್ಲಿ ಒಂದು ಗುರುತು. ರೋಗಿಗಳಿಗೆ ಹದಿನೈದು ದಿನಕ್ಕೆ ಬಂದು ಇನ್ನೊಂದು ಎಕ್ಸ್‌ರೇ ತೆಗೆಸಿಕೊಳ್ಳಿ ಎಂದು ಚೀಟಿ ಬರೆದು ಕೊಡುತ್ತಿದ್ದೆವು. ಬಂದವರು ಕೆಲವರು. ನಾಟಿ, ಕೊಯ್ಲು, ಮನೆಯ ಕಾರ್ಯ ಎಂದು ಬಾರದವರು ಬಹಳ. ಬಾರದವರ ಹೆಸರಿನ ಮುಂದೆ ನಾನೇ ಕೆಂಪು ಗುರುತು ಹಾಕುತ್ತಿದ್ದೆ. ನೋವಿದ್ದರೆ ಬರದೆ ಇರುತ್ತಾರೆಯೇ? ಬಂದಿಲ್ಲವೆಂದರೆ ವಾಸಿ. ಈ ಲೆಕ್ಕದಲ್ಲಿ ತಪ್ಪಿದೆ ಎಂದು ಒಂದು ದಿನವೂ ಅನಿಸಲಿಲ್ಲ. ಪುಟ ತಿರುವಿದರೆ ಸಾಲುಸಾಲು ಕೆಂಪು. ನೋಡಿ ಎದೆ ಉಬ್ಬುತ್ತಿತ್ತು.

ನಡುವೆ ತಪ್ಪಿದ್ದೂ ಉಂಟು. ನರಸೀಪುರದ ಅಕ್ಕಿ ಗಿರಣಿಯ ಯಜಮಾನರು, ಮೇಜು ಹಿಡಿಸಲಾರದಷ್ಟು ದಪ್ಪ ಆಸಾಮಿ. ಕಲ್ಲು ಮಂಕಾಗಿತ್ತು, ಒರಟಾಗಿತ್ತು. ಒಡೆಯುತ್ತದೆ ಎಂದೆ. ಒಡೆಯಲಿಲ್ಲ. ರಾಮಸ್ವಾಮಿಯವರು, “ಕಲ್ಲನ್ನೇ ನೋಡ್ತೀಯ, ಕಲ್ಲು ಹೊತ್ತವರನ್ನ ನೋಡಲ್ಲ. ಚರ್ಮದಿಂದ ಕಲ್ಲಿಗೆ ಇರೋ ದೂರ ಜಾಸ್ತಿ ಆದರೆ ಏಟು ಅಲ್ಲಿಗೆ ಮುಟ್ಟಲ್ಲ” ಎಂದರು. ಆ ಯಜಮಾನರು ಆಮೇಲೆ ಬಾಳೆದಿಂಡಿನ ರಸ ಕುಡಿದು ಕಲ್ಲು ಕರಗಿಸಿಕೊಂಡೆ ಎಂದು ಊರಿಗೆಲ್ಲ ಸಾರಿದರು. ಕರಗಿತೋ ಇಲ್ಲವೋ ಅವರೂ ನೋಡಲಿಲ್ಲ. ಅವರನ್ನು ಆಡಿಕೊಂಡು ನಾನು ನಗುತ್ತಿದ್ದೆ. ನೋಡದೆಯೇ ಹೇಳುವುದರಲ್ಲಿ ನನಗೂ ಅವರಿಗೂ ಏನೂ ವ್ಯತ್ಯಾಸವಿರಲಿಲ್ಲ.

ಇನ್ನು ಹೆಡತಲೆಯ ಜಯಮ್ಮನವರ ಮಾತು.

ತೊಂಬತ್ತರ ದಶಕದ ಕೊನೆ. ನಂಜನಗೂಡಿನ ಮಂಗಳವಾರ. ನಲವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಎರಡು ಎಕರೆ ಗದ್ದೆಯನ್ನು ತಾವೇ ನಿಂತು ಮಾಡಿಸುತ್ತಿದ್ದರು. ಜೊತೆಗೆ ಬಂದವನು ತಮ್ಮ ಮಾದೇವ. ಅಕ್ಕನ ಮನೆಗೂ ತಮ್ಮನ ಮನೆಗೂ ಒಂದು ಓಣಿ ಅಡ್ಡ. ಅಕ್ಕನ ಚೀಲವನ್ನು ತಾನೇ ಹಿಡಿದಿದ್ದ. ಅಕ್ಕ ಕೂತ ಮೇಲೆ ಕೂತ.

ಫಿಲ್ಮನ್ನು ದೀಪಕ್ಕೆ ಹಿಡಿದೆ. ಎಡ ಮೂತ್ರಪಿಂಡ. ಗೋಲಿಗಿಂತ ದೊಡ್ಡದು. ಪಕ್ಕೆಲುಬಿಗಿಂತ ಬೆಳ್ಳಗೆ, ಅಂಚು ನುಣ್ಣಗೆ. ನನ್ನದೇ ಶಾಸ್ತ್ರದ ಪ್ರಕಾರ ಇದು ಜಗ್ಗದ ಕಲ್ಲು. ಅದು ನನಗೆ ಗೊತ್ತಾಯಿತು. ಗೊತ್ತಾದದ್ದನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಆಗ ತಿಳಿಯಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ಇಲ್ಲ.

“ಕುಯ್ಯೋದು ಗಿಯ್ಯೋದು ಬ್ಯಾಡ ಸಾ” ಎಂದರು ಜಯಮ್ಮ. “ನಮ್ಮತ್ತೆ ಕುಯ್ಸ್ಕಂಡು ಆಸ್ಪತ್ರೇಲೇ ಸತ್ತೋದ್ಲು. ಮಿಷನ್ನಲ್ಲಿ ಒಡ್ದೋಯ್ತದೆ ತಾನೆ?”

ಹಿಂದಿನ ಬೆಂಚಿನಲ್ಲಿ ಐದಾರು ಜನ ಕೂತಿದ್ದರು. ಎಲ್ಲರ ಕಣ್ಣೂ ನನ್ನ ಮೇಲೆ. ‘ಇದು ಕಷ್ಟ, ಡಾಕ್ಟರನ್ನು ಕೇಳಿ’ ಎಂದು ಹೇಳಬೇಕಾದ ನಾಲಿಗೆ, “ಒಂದೇ ಸಲಕ್ಕೆ ಪುಡಿ ಕಣಮ್ಮ, ಹೆದರಬೇಡಿ” ಎಂದಿತು. ಆ ಮುಖ ಅರಳಿದ್ದನ್ನು ನೋಡಿ ನನಗೂ ಹಿತವಾಯಿತು. ರಾಮಸ್ವಾಮಿಯವರು ಬಂದಾಗ, “ಪ್ರಯತ್ನ ಮಾಡಬಹುದು, ಆದರೆ ಗಟ್ಟಿ ಇರೋ ಹಾಗಿದೆ. ಹದಿನೈದು ದಿನಕ್ಕೆ ನೋಡಲೇಬೇಕು” ಎಂದು ಚೀಟಿಯಲ್ಲಿ ಬರೆದರು.

ಏಟು ಕೊಟ್ಟೆ. ಪರದೆಯ ಮೇಲೆ ಕಲ್ಲಿನ ಅಂಚು ಮಸುಕಾದ ಹಾಗೆ ಕಂಡಿತು. ಹದಿನೈದನೆಯ ದಿನಕ್ಕೆ ಜಯಮ್ಮನವರು ಬರಲಿಲ್ಲ. ಮಾದೇವ ಬಂದ.

“ಅಕ್ಕುಂಗೆ ನೋವೇ ಇಲ್ಲ ಸಾ. ಮೊದಮೊದ್ಲು ವಸಿ ಇತ್ತು, ಈಗ ಏನೂ ಇಲ್ಲ. ಗದ್ದೆ ತಾವ ನಾಟಿ ಐತೆ. ಬರ್ಲೇಬೇಕಾ ಅಂತ ಕೇಳ್ಕಬಾ ಅಂದ್ಲು.”

ಆವತ್ತು ಯಂತ್ರದ ಚೀಲ ಸೋರಿ ರಿಪೇರಿ ನಡೆಯುತ್ತಿತ್ತು. ಕೈಯೆಲ್ಲ ನೀರು. ತಲೆ ಎತ್ತದೆ, “ನೋವಿಲ್ಲ ತಾನೆ? ಹಾಗಾದರೆ ಬರೋದು ಬೇಡ ಬಿಡಿ” ಎಂದೆ. ಮಾದೇವ ಕೈಮುಗಿದು ಹೋದ. ಕೆಲಸ ಮುಗಿದ ಮೇಲೆ ನೋಟ್‌ಬುಕ್ ತೆಗೆದು ಜಯಮ್ಮನ ಹೆಸರಿನ ಮುಂದೆ ಬರೆದೆ: ‘ನೋವಿಲ್ಲ. ಬರುವುದು ಬೇಡ ಎಂದೆ.’ ಪಕ್ಕದಲ್ಲಿ ಕೆಂಪು ಗುರುತು.

ಐದಾರು ವರ್ಷ ಕಳೆಯಿತು. ರಾಮಸ್ವಾಮಿಯವರು ವಯಸ್ಸಾಯಿತೆಂದು ಓಡಾಟ ನಿಲ್ಲಿಸಿದರು. ಅವರ ಜಾಗಕ್ಕೆ ಡಾಕ್ಟರ್ ಸುಮಾ ಎಂಬ ಚಿಕ್ಕ ವಯಸ್ಸಿನವರು ಬಂದರು. ಅಷ್ಟರಲ್ಲಿ ಮೈಸೂರಿನಲ್ಲಿ ಸಿ.ಟಿ. ಸ್ಕ್ಯಾನ್ ಸುಲಭವಾಗಿ ಸಿಗುವಂತಾಗಿತ್ತು. ಅದು ಕಲ್ಲಿನ ಗಟ್ಟಿತನಕ್ಕೆ ಒಂದು ಸಂಖ್ಯೆ ಕೊಡುತ್ತದೆ, ಚರ್ಮದಿಂದ ಕಲ್ಲಿಗಿರುವ ದೂರವನ್ನು ಅಳೆದು ತೋರಿಸುತ್ತದೆ. ಶಾಕ್ ಕೊಟ್ಟರೆ ಫಲ ಸಿಗುತ್ತದೆಯೇ ಎಂಬುದನ್ನು ಸುಮಾ ಅವರು ಇವೆಲ್ಲವನ್ನೂ ಒಟ್ಟಿಗಿಟ್ಟು ಅಂದಾಜು ಮಾಡುತ್ತಿದ್ದರು. ಬಾಗಿಲಿಗೆ ಬಂದವರನ್ನು ಕೆಲವೊಮ್ಮೆ, “ನಿಮಗೆ ಈ ಮಿಷನ್ ಬೇಡ, ಬೇರೆ ದಾರಿ ಇದೆ” ಎಂದು ವಾಪಸು ಕಳಿಸುತ್ತಿದ್ದರು. ನನಗೆ ಕೋಪ ಬರುತ್ತಿತ್ತು. ಒಂದು ದಿನ ಅವರ ಮೇಜಿನ ಮೇಲೆ ನನ್ನ ನೀಲಿ ನೋಟ್‌ಬುಕ್ ಇಟ್ಟೆ.

“ನೋಡಿ ಮೇಡಂ. ಸ್ಕ್ಯಾನ್ ಇಲ್ಲದೆ, ಬರೀ ಕಣ್ಣಲ್ಲಿ ಹೇಳಿದ್ದು.”

ಅವರು ತಾಳ್ಮೆಯಿಂದ ಪುಟ ತಿರುವಿದರು. ಮೆಚ್ಚುತ್ತಾರೆ ಎಂದು ಕಾದೆ.

“ತುಂಬಾ ಚೆನ್ನಾಗಿ ಬರೆದಿಟ್ಟಿದ್ದೀರ ಗುರುಸ್ವಾಮಿ. ಇಲ್ಲಿ ಕೆಲವರ ಮುಂದೆ ಎರಡನೇ ಎಕ್ಸ್‌ರೇ ತಾರೀಖು ಇದೆ, ಕೆಲವರ ಮುಂದೆ ಇಲ್ಲ. ಇಲ್ಲದವರಿಗೂ ಕೆಂಪು ಗುರುತಿದೆಯಲ್ಲ?”

“ಅವರು ಬರಲಿಲ್ಲ ಮೇಡಂ. ವಾಸಿ ಆಗಿದೆ.”

“ವಾಸಿ ಆಗಿದೆ ಅಂತ ಯಾರು ಹೇಳಿದರು?”

ಉತ್ತರ ತಿಳಿದೇ ಇದೆ ಎಂದುಕೊಂಡು ಬಾಯಿ ತೆರೆದೆ. ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿಕೊಂಡು ತಾರೀಖು ಹುಡುಕಿದೆ.

“ಒಡೆದ ಚೂರು ಮೂತ್ರನಾಳದಲ್ಲಿ ಸಿಕ್ಕಿಕೊಂಡು, ನೋವೇ ಇಲ್ಲದೆ ಕಿಡ್ನಿ ಊದಿಕೊಳ್ಳೋದು ಉಂಟು” ಎಂದರು ಅವರು. ಬೈಯುವ ದನಿ ಇರಲಿಲ್ಲ. “ಬಾರದವರನ್ನ ಹುಡುಕೋಣವಾ?”

ಕಾಗದ ಬರೆದೆವು. ಉತ್ತರ ಬಾರದ ಕಡೆಗೆ ಭಾನುವಾರಗಳಲ್ಲಿ ನಾನೇ ಬಸ್ಸು ಹತ್ತಿ ಹೋದೆ. ಸುಮಾ ಅವರ ಮುಂದೆ ಗೆದ್ದು ತೋರಿಸಬೇಕೆಂಬ ಹಟ ಆಗಲೂ ಇತ್ತು. ಅದಕ್ಕೇ ಮೊದಲು ಹೋದದ್ದು ಸೋಸಲೆಗೆ, ಮೇಷ್ಟರ ಮನೆಗೆ. ಮರಳು ತೋರಿಸಿದ್ದರೇ ಹೊರತು ಅವರೂ ಎರಡನೇ ಎಕ್ಸ್‌ರೇ ತೆಗೆಸಿರಲಿಲ್ಲ. ರಾಘವಾಚಾರ್ ಸಂತೋಷದಿಂದ ಕೂರಿಸಿ ಹಣ್ಣು ಕೊಟ್ಟರು. ಕಲ್ಲಿನ ವಿಷಯ ತೆಗೆದೊಡನೆ ಮಗ್ಗುಲು ತಿರುಗಿ ಶರಟು ಎತ್ತಿದರು. ಪಕ್ಕೆಯ ಉದ್ದಕ್ಕೂ ಹೊಲಿಗೆಯ ಗುರುತು.

“ಪುಡಿ ಬಂದದ್ದು ನಿಜ. ಆದರೆ ಅರ್ಧ ಒಳಗೇ ಉಳಿದಿತ್ತಂತೆ. ಮಾರನೇ ವರ್ಷ ಮೈಸೂರಲ್ಲಿ ಆಪರೇಷನ್ ಮಾಡಿಸಿಕೊಂಡೆ. ನಿಮಗೆ ಹೇಳಿ ಮನಸ್ಸು ಯಾಕೆ ನೋಯಿಸೋದು ಅಂತ ಸುಮ್ಮನಿದ್ದೆ.”

ಸೋಸಲೆಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದೆ. ನನ್ನ ಹೆಸರು ಹುಟ್ಟಿದ್ದೇ ಆ ಸೀಸೆಯ ಮರಳಿನಿಂದ. ಅದೇ ಸುಳ್ಳಾದ ಮೇಲೆ ಉಳಿದ ಕೆಂಪು ಗುರುತುಗಳ ಗತಿ ಏನು?

ಒಬ್ಬೊಬ್ಬರದೂ ತಿಳಿಯುತ್ತ ಹೋಯಿತು. ನಿಜವಾಗಿ ವಾಸಿಯಾದವರು ಇದ್ದರು, ಇಲ್ಲವೆನ್ನುವುದಿಲ್ಲ. ಬೇರೆ ಆಸ್ಪತ್ರೆಗೆ ಹೋದವರು ಇದ್ದರು. ಕಲ್ಲು ಹಾಗೇ ಇಟ್ಟುಕೊಂಡು, ‘ಅದು ಹೋಯಿತಲ್ಲ, ಇದು ಹೊಸದಿರಬೇಕು’ ಎಂದುಕೊಂಡವರೂ ಇದ್ದರು. ನಾನು ಎಣಿಸುತ್ತಿದ್ದೆ, ಒಂದು ಹಂತದಲ್ಲಿ ಬಿಟ್ಟೆ.

ಹೆಡತಲೆಗೆ ಹೋದಾಗ ಜಯಮ್ಮನವರು ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ನನ್ನನ್ನು ಗುರುತು ಹಿಡಿದು ಎದ್ದು ನಿಂತರು. “ಬನ್ನಿ ಸಾ, ನಮ್ಮನೆಗಂಟ ಬಂದ್ರಾ” ಎಂದು ಮಜ್ಜಿಗೆ ಕೊಟ್ಟರು. ನೋವಿಲ್ಲ, ಏನೂ ಇಲ್ಲ, ಒಮ್ಮೊಮ್ಮೆ ಸೊಂಟ ಭಾರ, ಅಷ್ಟೆ ಎಂದರು. ನನಗೆ ಸಮಾಧಾನವಾಯಿತು. ಸುಮ್ಮನೆ ಒಂದು ಸ್ಕ್ಯಾನಿಂಗ್ ಮಾಡಿಸಿಕೊಂಡು ಹೋಗಿ ಎಂದು ಕರೆದೆ. ಮುಂದಿನ ಮಂಗಳವಾರ ತಮ್ಮನ ಜೊತೆ ಬಂದರು.

ಸುಮಾ ಅವರು ಸ್ಕ್ಯಾನಿಂಗ್ ಮಾಡುತ್ತಿದ್ದಾಗ ನಾನು ಪರದೆಯನ್ನು ನೋಡುತ್ತಿದ್ದೆ. ಎಡ ಮೂತ್ರಪಿಂಡ ಇರಬೇಕಾದ ಕಡೆ ಒಂದು ಕಪ್ಪು ಚೀಲ. ನೀರು ತುಂಬಿ ಉಬ್ಬಿದ ಚೀಲ, ಸುತ್ತ ಕಾಗದದಷ್ಟು ತೆಳ್ಳನೆಯ ಸಿಪ್ಪೆ. ಕೆಳಗೆ ಮೂತ್ರನಾಳದಲ್ಲಿ ನಾನು ಒಡೆದ ಕಲ್ಲಿನ ಚೂರು ಕೂತಿತ್ತು. ಆ ಮೂತ್ರಪಿಂಡದಲ್ಲಿ ಕೆಲಸ ಮಾಡುವ ಭಾಗ ಉಳಿದಿರಲಿಲ್ಲ.

ಸುಮಾ ಅವರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಎಡಗಡೆಯದು ಹೋಗಿದೆ. ಬಲಗಡೆಯದು ಚೆನ್ನಾಗಿದೆ, ಅದನ್ನು ಜೋಪಾನ ಮಾಡಬೇಕು. ಆಮೇಲೆ ಹಳೆಯ ಚೀಟಿಯನ್ನು ನೋಡಿ ಕೇಳಿದರು: “ಹದಿನೈದು ದಿನಕ್ಕೆ ಬನ್ನಿ ಅಂತ ಬರೆದಿದ್ದಾರಲ್ಲಮ್ಮ, ಯಾಕೆ ಬರಲಿಲ್ಲ?”

“ನನ್ ತಮ್ಮುನ್ನ ಕಳ್ಸಿದ್ದೆ ಮೇಡಂ. ಬ್ಯಾಡ್ವಂತೆ ಅಂದ.”

“ಯಾರು ಬೇಡ ಅಂದದ್ದು?” ಎಂದು ಸುಮಾ ಮಾದೇವನ ಕಡೆ ತಿರುಗಿದರು.

ಅವನು ನನ್ನನ್ನು ನೋಡಿದ. ದೂರುವ ನೋಟವಲ್ಲ, ಮರೆತಿದ್ದರೆ ನೆನಪಿಸೋಣ ಎನ್ನುವಂಥ ನೋಟ. “ಇವ್ರೇಯ ಮೇಡಂ ಏಳಿದ್ದು. ನೋವಿಲ್ದಿದ್ರೆ ಬರೋದ್ಬ್ಯಾಡ ಅಂದ್ರು.”

“ಗುರುಸ್ವಾಮಿ?”

ನನಗೆ ಎಲ್ಲ ನೆನಪಿತ್ತು. ಸೋರುತ್ತಿದ್ದ ಚೀಲ, ಒದ್ದೆ ಕೈ, ಅವನು ಮುಗಿದ ಕೈ. ಆದರೂ ನಾನು, “ಇಲ್ಲ ಮೇಡಂ. ಬರಬೇಡಿ ಅಂತ ನಾವು ಯಾರಿಗೂ ಹೇಳಲ್ಲ. ಇವರು ಯಾರನ್ನು ಕೇಳಿದರೋ ಏನೋ” ಎಂದೆ.

ಜಯಮ್ಮನವರು ನಿಧಾನವಾಗಿ ತಮ್ಮನ ಕಡೆ ತಿರುಗಿದರು.

“ಬಂದೇ ಇರ್ಲಿಲ್ವಾ ಲಾ ನೀನು? ಎಲ್ಲೋ ಕುಂತಿದ್ದು ಬಂದು ನಂಗೆ ಸುಳ್ಳೇಳ್ದ್ಯಾ?”

“ಬಂದಿದ್ದೆ ಕಣಕ್ಕ. ಇವ್ರೇ ಏಳಿದ್ದು.”

“ಅವ್ರು ಇಲ್ಲ ಅಂತಾವ್ರಲ್ಲೋ. ನಮ್ಮನೆಗಂಟ ಬಂದು ಕರ್ದವ್ರು ಅವ್ರು.”

ಮಾದೇವ ಇನ್ನೊಮ್ಮೆ ನನ್ನನ್ನು ನೋಡಿದ. ನಾನು ಯಂತ್ರದ ಕಡೆ ಹೋಗಿ ಒರೆಸಿದ್ದನ್ನೇ ಒರೆಸುತ್ತ ನಿಂತೆ.

ಸಂಜೆ ಮನೆಗೆ ಹೋಗಿ ನೋಟ್‌ಬುಕ್ ತೆಗೆದೆ. ಸುಮಾ ಅವರು ಅದನ್ನು ನಾಳೆ ಕೇಳಬಹುದು. ‘ಬರುವುದು ಬೇಡ ಎಂದೆ.’ ನನ್ನದೇ ಕೈಬರಹ, ಕೆಂಪು ಗುರುತು. ಆ ಹಾಳೆಯನ್ನು ಹರಿದು ಒಲೆಗೆ ಹಾಕಿದೆ. ಹಾಕಿದ ಮೇಲೆ ಹೊಳೆಯಿತು. ಹಾಳೆಯ ಹಿಂಬದಿಯಲ್ಲಿ ಇನ್ನೂ ಮೂವರ ಹೆಸರಿತ್ತು. ಅವರೂ ವಾಪಸು ಬಾರದವರೇ. ಅವರನ್ನು ಇನ್ನೂ ಹುಡುಕಿರಲಿಲ್ಲ. ನರ್ಸಿಂಗ್ ಹೋಮಿನ ಆ ವರ್ಷದ ರಿಜಿಸ್ಟರುಗಳನ್ನು ಗೆದ್ದಲು ತಿಂದಿತ್ತು. ಒಬ್ಬರ ಊರು ಕವಲಂದೆಯ ಕಡೆ ಎಂಬ ಮಸುಕು ನೆನಪು ಬಿಟ್ಟರೆ ಆ ಮೂವರ ಹೆಸರು ನನಗೆ ಇವತ್ತಿಗೂ ಬರುವುದಿಲ್ಲ. ಅವರ ಮೂತ್ರಪಿಂಡಗಳು ಏನಾದವೋ ಗೊತ್ತಿಲ್ಲ.

ಜಯಮ್ಮನವರಿಗೆ ಆ ಮಳೆಗಾಲದಲ್ಲಿ ಚಳಿಜ್ವರ ಬಂತು. ಹೋದ ಮೂತ್ರಪಿಂಡದಲ್ಲಿ ಕೀವು ಸೇರಿತ್ತು. ಮೈಸೂರಿನಲ್ಲಿ ಅದನ್ನು ತೆಗೆದರು. ಯಾವ ಆಪರೇಷನ್ನಿಗೆ ಹೆದರಿ ಅವರು ನನ್ನ ಬಳಿ ಬಂದಿದ್ದರೋ ಅದೇ ಆಯಿತು. ಬದುಕಿದರು.

ಆಮೇಲೆ ನಾನು ಕಲ್ಲಿನ ಭವಿಷ್ಯ ಹೇಳುವುದನ್ನು ಬಿಟ್ಟೆ. ಯಾರಾದರೂ ಕೇಳಿದರೆ, “ಸ್ಕ್ಯಾನ್ ನೋಡಿ ಡಾಕ್ಟರು ಹೇಳ್ತಾರೆ” ಎನ್ನುತ್ತಿದ್ದೆ. ಸುಮಾ ಅವರು ಹೊಸ ರಿಜಿಸ್ಟರು ಮಾಡಿಸಿದರು. ಶಾಕ್ ಕೊಡುವ ಮೊದಲು ಅಂದಾಜು ಬರೆಯಬೇಕು. ಮೂರು ತಿಂಗಳಿಗೆ ಎಕ್ಸ್‌ರೇ ನೋಡದೆ ಫಲದ ಜಾಗ ತುಂಬುವಂತಿಲ್ಲ. ಬಾರದವರ ಮುಂದೆ ‘ಗೊತ್ತಿಲ್ಲ’ ಎಂದು ಬರೆಯಬೇಕು. ಆ ಪದವನ್ನು ಬರೆಯಲು ಮೊದಮೊದಲು ನನ್ನ ಕೈ ಏಳುತ್ತಿರಲಿಲ್ಲ. ಸ್ಕ್ಯಾನಿನ ಸಂಖ್ಯೆಯೂ ಎಷ್ಟೋ ಸಲ ತಪ್ಪುತ್ತದೆ. ಮೃದು ಎಂದದ್ದು ಒಡೆಯುವುದಿಲ್ಲ, ಗಟ್ಟಿ ಎಂದದ್ದು ಒಡೆದುಬಿಡುತ್ತದೆ. ಆದರೆ ತಪ್ಪಿದ್ದು ಆ ರಿಜಿಸ್ಟರಿನಲ್ಲಿ ತಪ್ಪೆಂದೇ ಉಳಿಯುತ್ತಿತ್ತು. ಹೊಸಬರಿಗೆ ನಾನು ಕೊಡಬಹುದಾದ ವಿದ್ಯೆ ಇಷ್ಟೇ. ವಾಪಸು ಬಾರದವರನ್ನು ನಿಮ್ಮ ಗೆಲುವಿನಲ್ಲಿ ಸೇರಿಸಬೇಡಿ. ಹುಡುಕಿಕೊಂಡು ಹೋಗಿ.

ಇದನ್ನೆಲ್ಲ ಮಾಡಿದೆ. ಮಾಡಬೇಕಾದ ಇನ್ನೊಂದನ್ನು ಮಾಡಲಿಲ್ಲ.

ನಿವೃತ್ತಿಗೆ ಸ್ವಲ್ಪ ಮೊದಲು ಹೆಡತಲೆಯವರೊಬ್ಬರು ಕಲ್ಲು ತೋರಿಸಲು ಬಂದರು. ಜಯಮ್ಮನವರು ಹೇಗಿದ್ದಾರೆ ಎಂದು ಕೇಳಿದೆ.

“ಇದ್ದಾರೆ ಸಾ. ಆದ್ರೆ ಅಕ್ಕ ತಮ್ಮುಂಗೆ ಮಾತಿಲ್ಲ. ಓಣಿ ದಾಟಾಕಿಲ್ಲ. ಮೊನ್ನೆ ಮಾದೇವನ ಮಗಳ ಮದ್ವೆ ಆಯ್ತಲ್ಲ, ಅದ್ಕೂ ಓಗ್ನಿಲ್ಲ ಅವ್ರು. ಕಿಡ್ನಿ ಕಳ್ದ ಅಂತಾರೆ.”

ಇದನ್ನು ಕೇಳಿದ ಮಾರನೇ ದಿನವೇ ಹೊರಟೆ ಎಂದು ಬರೆಯಲು ಆಸೆ. ಹೊರಡಲಿಲ್ಲ. ನಿವೃತ್ತನಾದೆ, ಶಾಲು ಹೊದಿಸಿದರು, ಸುಮಾ ಅವರು ನಾಲ್ಕು ಒಳ್ಳೆಯ ಮಾತಾಡಿದರು. ಆಮೇಲೂ ಒಂದು ಬೇಸಿಗೆ ಕಳೆಯಿತು. ಕೊನೆಗೆ ಒಂದು ಬೆಳಿಗ್ಗೆ ಸುಮಾ ಅವರಿಗೆ ಫೋನು ಮಾಡಿ, ಅವತ್ತು ನಾನು ಹೇಳಿದ್ದು ಸುಳ್ಳು ಎಂದೆ. ಅವರು, “ನನಗೆ ಹೇಳಿದರೆ ಏನು ಬಂತು ಗುರುಸ್ವಾಮಿ? ಹೇಳಬೇಕಾದವರು ಬೇರೆ ಇದ್ದಾರೆ” ಎಂದರು. ಫೋನಿಟ್ಟು ಹೆಡತಲೆಯ ಬಸ್ಸು ಹತ್ತಿದೆ.

ಜಯಮ್ಮನವರು ಬಾಗಿಲಲ್ಲೇ ಕೂತಿದ್ದರು. ಮೈ ಸೊರಗಿತ್ತು. ಒಳಗೆ ಬನ್ನಿ ಎಂದರು. ನಾನು ನಿಂತೇ ಹೇಳಿದೆ. ಮಾದೇವ ಹದಿನೈದನೆಯ ದಿನಕ್ಕೆ ಬಂದಿದ್ದ, ನಾನೇ ಬೇಡ ಎಂದೆ, ಡಾಕ್ಟರ ಮುಂದೆ ಸುಳ್ಳು ಹೇಳಿದೆ, ಬರೆದಿಟ್ಟಿದ್ದನ್ನು ಸುಟ್ಟೆ. ಕಲ್ಲು ಗಟ್ಟಿ ಎಂದು ಮೊದಲೇ ಗೊತ್ತಿದ್ದೂ ಪುಡಿಯಾಗುತ್ತದೆ ಎಂದೆ. ಎಲ್ಲವನ್ನೂ ಹೇಳಿದೆ.

ಅವರು ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಮೊರವನ್ನು ಪಕ್ಕಕ್ಕಿಟ್ಟರು.

“ಅಂವ ಆಣೆ ಇಟ್ಟಿದ್ದ ಸಾ” ಎಂದರು. “ನಂಜುಂಡಪ್ಪನ ಮ್ಯಾಲೆ ಆಣೆ ಇಟ್ಟು ಏಳ್ದ. ಅಂತಾ ಮನುಸ್ರು ಸುಳ್ಳೇಳ್ತಾರಾ, ನೀನೇ ಸುಳ್ಳ ಅಂದೆ.”

ಅವರು ಸೆರಗಿಗೆ ಅಂಟಿದ್ದ ಹೊಟ್ಟನ್ನು ಕೊಡವಿಕೊಂಡರು.

“ಕಿಡ್ನಿ ಓದ್ರೆ ಓಯ್ತು. ಇನ್ನೊಂದದೆ. ತಮ್ಮ ಇದ್ದಿದ್ದು ನಂಗೆ ಒಬ್ನೇಯ.”

ಆಮೇಲೆ ಓಣಿಯ ಆಚೆ ಕೈ ತೋರಿಸಿದರು. “ಅಗಾ, ಅಲ್ಲಿ. ನಂಗೇಳಿದ್ನೆಲ್ಲಾನೂ ಅವ್ನ್ಗೂ ಏಳಿ.”

ಮಾದೇವ ಡೈರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದ. ತಲೆ ನರೆತಿತ್ತು. ನನ್ನನ್ನು ಕಂಡು ಅವನ ಕೈ ನಿಂತಿತು, ಮತ್ತೆ ತೊಳೆಯತೊಡಗಿದ. ನಾನು ಹೇಳಿ ಮುಗಿಸುವವರೆಗೂ ತೊಳೆಯುತ್ತಲೇ ಇದ್ದ.

“ಅಕ್ಕುಂಗೆ ಏಳಿದ್ರಾ?”

“ಹೇಳಿದೆ. ಅಲ್ಲಿಂದಲೇ ಬಂದೆ.”

“ಏನಂದ್ಲು?”

ಅವರಂದದ್ದನ್ನು ಹಾಗೇ ಹೇಳಿದೆ. ತಮ್ಮ ಇದ್ದಿದ್ದು ಒಬ್ಬನೇ ಎಂಬ ಮಾತಿಗೆ ಬಂದಾಗ ಅವನು ಕ್ಯಾನಿನಲ್ಲಿದ್ದ ನೀರನ್ನು ಚೆಲ್ಲಿದ. ಕ್ಯಾನನ್ನು ಬೋರಲು ಹಾಕಿದ. ಟವೆಲಿನಿಂದ ಕೈ ಒರೆಸಿಕೊಂಡ. ನನ್ನ ಪಕ್ಕದಲ್ಲೇ ನಡೆದು ಹೋದ, ನನ್ನ ಕಡೆ ನೋಡಲಿಲ್ಲ. ಓಣಿ ದಾಟಿದ. ಅಕ್ಕನ ಮನೆಯ ಮೆಟ್ಟಿಲ ಮುಂದೆ ಚಪ್ಪಲಿ ಬಿಟ್ಟು ಒಂದು ಗಳಿಗೆ ನಿಂತ, ಆಮೇಲೆ ತಲೆ ಬಗ್ಗಿಸಿ ಒಳಗೆ ಹೋದ.

ನನ್ನನ್ನು ಯಾರೂ ಕರೆಯಲಿಲ್ಲ. ಕರೆಯಬೇಕಾದ ಕಾರಣವೂ ಇರಲಿಲ್ಲ. ಬಸ್ಸು ಬರುವವರೆಗೆ ಬೀದಿಯ ತುದಿಯಲ್ಲಿ ನಿಂತಿದ್ದೆ. ಅಲ್ಲಿಂದ ಆ ಮನೆಯ ಬಾಗಿಲು ಕಾಣುತ್ತಿತ್ತು. ಒಳಗೆ ಅವರು ಏನು ಮಾತಾಡುತ್ತಿದ್ದರೋ ನನಗೆ ಕೇಳಿಸಲಿಲ್ಲ.